ಅಂಗಳಕ್ಕೆ ಬೀಳಬಾರದ ಹನಿ

ದರ್ಬೆ, ಪುತ್ತೂರು
20-11-1960, ಆದಿತ್ಯವಾರ

ಮೂರೇ ಸಾಲಿನ ಕಾರ್ಡು ಬರೆಯುವ ಊರ್ಮಿಳೆಗೆ, ಮೂರು ಪುಟಕ್ಕೆ ಕಡಿಮೆ ಬರೆಯಲು ಬಾರದ ಗಂಡನ ನಮಸ್ಕಾರ.

ನಿನ್ನ ಕಾರ್ಡು ತಲುಪಿ ಇಂದಿಗೆ ಇಪ್ಪತ್ತಮೂರು ದಿನ. "ಹೊಲಿಗೆ ಮೆಷಿನ್ ಕಳಿಸಿಕೊಡಿ. ಬಸ್ಸಿನ ಮೇಲೆ ಹಾಕಿದರೆ ಸಾಕು. ಮಳೆ ಬಿಟ್ಟಿದೆ." ಮೊದಲನೆಯದು ಆಜ್ಞೆ, ಎರಡನೆಯದು ಅದನ್ನು ಜಾರಿ ಮಾಡುವ ಕ್ರಮ, ಮೂರನೆಯದು ನಾನು ಹೇಳಬಹುದಾದ ನೆಪಕ್ಕೆ ಮುಂಚಿತವಾಗಿ ತಂದ ತಡೆಯಾಜ್ಞೆ. ಹನ್ನೊಂದು ವರ್ಷದ ವಕೀಲಿಯಲ್ಲಿ ಇಷ್ಟು ಬಿಗಿಯಾದ ಅರ್ಜಿ ನನ್ನ ಕೈಯಿಂದ ಒಂದೂ ಹೊರಟಿಲ್ಲ. ಅಂಚೆಯವನಿಗೂ ಅದು ಬಾಯಿಪಾಠವಾಗಿದೆ. ದಾರಿಯಲ್ಲಿ ಸಿಕ್ಕಿದಾಗಲೆಲ್ಲ ಮೆಷಿನ್ ಹೋಯಿತಾ ಎಂದು ವಿಚಾರಿಸುತ್ತಾನೆ.

ಹೋಗಲಿಲ್ಲ. ಕಿಟಕಿಯ ಹತ್ತಿರ, ನೀನು ಹಾಕಿಟ್ಟ ಹೊದಿಕೆಯೊಳಗೆ ಹಾಗೆಯೇ ಕುಳಿತಿದೆ. ಬಸ್ಸಿನ ಮೇಲೆ ಹಾಕುವುದು ಏನೂ ಕಷ್ಟದ ಕೆಲಸವಲ್ಲ, ಒಪ್ಪಿದೆ. ಆದರೆ ಅದು ಹೋದ ಮೇಲೆ ಈ ಮನೆಯಲ್ಲಿ ನಿನ್ನದು ಎಂದು ಉಳಿಯುವುದು ಒಂದು ಬಾಚಣಿಗೆ ಮತ್ತು ನಾನು. ಎರಡರಲ್ಲಿ ಬಾಚಣಿಗೆಗೆ ಹಲ್ಲು ಹೆಚ್ಚು. ಮೆಷಿನನ್ನು ತರಿಸಿಕೊಂಡವಳು ಅದರ ಹಿಂದೆಯೇ ತಿರುಗಿ ಬರುವುದಿಲ್ಲ ಎಂದು ತಿಳಿಯಲು ಕಾನೂನು ಓದಬೇಕಾಗಿಲ್ಲ. ಕಾನೂನು ಓದಿದ್ದರಿಂದ ಇನ್ನೊಂದು ಸಂಗತಿಯೂ ಗೊತ್ತು: ನಮ್ಮ ಅಳಿಯಕಟ್ಟಿನಲ್ಲಿ ಹೆಣ್ಣಿನ ಮನೆ ಹೆಣ್ಣಿನದೇ. ಈಶ್ವರಮಂಗಲದ ಚಾವಡಿಯಲ್ಲಿ ನೀನು ಕುಳಿತರೆ 'ಏಳು' ಎನ್ನುವ ಹಕ್ಕು ಮುನ್ಸೀಫರಿಗೂ ಇಲ್ಲ, ಗಂಡನಿಗಂತೂ ಮೊದಲೇ ಇಲ್ಲ.

ಅದಕ್ಕೇ, ಪುತ್ತೂರಿಗೆ ಬಟ್ಟೆ ಕೊಳ್ಳಲು ಬಂದಿದ್ದ ನಿನ್ನ ಅಕ್ಕ ದಮಯಂತಿಯ ಹತ್ತಿರ ಮೆಷಿನನ್ನು ನಮ್ಮ ಜೀಪಿನಲ್ಲೇ ತಂದುಕೊಡುತ್ತೇನೆಂದು ಹೇಳಿ ಕಳಿಸಿದೆ. ಅವರು ಮುಂದಿನ ವಾರ ನಿನ್ನ ಉತ್ತರವನ್ನು ಒಂದಕ್ಷರ ಬಿಡದೆ ತಂದರು. "ತರುದಾದ್ರೆ ತರ್ಲಿ. ಆದ್ರೆ ಆ ಜೀಪಿಂದ ನಮ್ಮ ಅಂಗಳಕ್ಕೆ ಒಂದು ಹನಿ ಎಣ್ಣೆ ಬೀಳ್ಬಾರ್ದು." ಸಂಕಪ್ಪ ಮಾವನ ಉತ್ತರಕ್ರಿಯೆಯ ಬೊಜ್ಜದ ದಿನ ಜೀಪು ನಿಂತಿದ್ದ ಜಾಗದಲ್ಲಿ ಬಿದ್ದ ಕಲೆ ಎಷ್ಟು ಸೆಗಣಿ ಸಾರಿಸಿದರೂ ಹೋಗಿಲ್ಲವೆಂದೂ, ನೀನು ಅದನ್ನು ದಾಟದೆ ಸುತ್ತು ಹಾಕಿ ನಡೆಯುತ್ತೀಯೆಂದೂ ಅಕ್ಕನೇ ಸೇರಿಸಿದರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನು ಅವರಿಗೆ ಕಾಫಿ ಬೇಕಾ ಎಂದು ಕೇಳಿದೆ.

ಆ ದಿನದಿಂದ ನನ್ನ ಸಂಸಾರವೆಂದರೆ ಆ ಒಂದು ಹನಿ.

ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಜೀಪು ಅದು, ನಿನಗೆ ಗೊತ್ತೇ ಇದೆ. ಬರ್ಮಾದ ಕಾಡಿನಲ್ಲಿ ಓಡಿತ್ತಂತೆ. ನಾಲ್ಕು ಚಕ್ರಕ್ಕೂ ಎಳೆಯುವ ಶಕ್ತಿ ಉಂಟು, ಅದಕ್ಕೆಂದೇ ಒಂದು ಪುಟ್ಟ ಗೇರ್ ಕೋಲೂ ಉಂಟು. ಶತ್ರುಗಳ ನಡುವೆ ಬಾಯಿ ಬಿಡದ ಈ ವೀರ ನಮ್ಮ ಮನೆಗೆ ಬಂದ ಮೇಲೆ ಒಳಗಿನದನ್ನೆಲ್ಲ ಹೊರಗೆ ಬಿಡಲು ಕಲಿತ. ಸಹವಾಸದ ಫಲ. ವ್ಯತ್ಯಾಸವೇನೆಂದರೆ, ನಾನು ಮಾತು ಬಿಡುತ್ತೇನೆ, ಅವನು ಎಣ್ಣೆ ಬಿಡುತ್ತಾನೆ. ಎರಡರ ಕಲೆಯೂ ಹೋಗುವುದಿಲ್ಲ.

ಇಲ್ಲಿಯ ಮೂಸಕುಂಞಿಯ ಗರಾಜಿಗೆ ಒಯ್ದೆ. ಗರಾಜು ಎಂದರೆ ಒಂದು ಗೋಳಿಮರ, ಒಂದು ಹೊಂಡ, ಮತ್ತು ಮೂಸಕುಂಞಿ. ವಾಯಿದೆ ಕೊಡುವುದರಲ್ಲಿ ಯಾವ ಕೋರ್ಟೂ ಅವನಿಗೆ ಸಮವಲ್ಲ. ಎಂಜಿನ್ನಿನ ಅಡಿಗೆ ಎಣ್ಣೆ ನಿಲ್ಲುವ ಒಂದು ಬಾಣಲೆ ಇರುತ್ತದೆ, ಅದನ್ನು ಅವರು ಚೇಂಬರ್ ಎನ್ನುತ್ತಾರೆ. ಅಲ್ಲಿಗೆ ನನಗೂ ಜೀಪಿಗೂ ಇದ್ದ ಸಂಬಂಧ ಸ್ಪಷ್ಟವಾಯಿತು. ನನ್ನ ಚೇಂಬರಿನಲ್ಲಿ ಕಕ್ಷಿಗಾರ ನಿಲ್ಲುವುದಿಲ್ಲ, ಇದರ ಚೇಂಬರಿನಲ್ಲಿ ಎಣ್ಣೆ ನಿಲ್ಲುವುದಿಲ್ಲ. ಚೇಂಬರ್ ಬಿಚ್ಚಿ ಹೊಸ ಪ್ಯಾಕಿಂಗ್ ಕೂರಿಸಿದ. ಎರಡು ದಿನ ಅಲ್ಲಿ ಒಣಗಿತು, ಮೂರನೆಯ ದಿನ ಮುಂದಿನಿಂದ ಸೋರಿತು. ಮುಂದಿನ ಸೀಲು ಬದಲಾಯಿಸಿದ. ಹಿಂದಿನಿಂದ ಸೋರಿತು. ಹಿಂದಿನದಕ್ಕೆ ಕೈ ಹಾಕಬೇಕಾದರೆ ಗೇರ್ ಬಾಕ್ಸನ್ನೇ ಇಳಿಸಬೇಕು; ಇಳಿಸಿದ, ಏರಿಸಿದ. ಪಕ್ಕದ ಮುಚ್ಚಳದಿಂದ ಸೋರಿತು. ಸೀಲು ಬಿದ್ದ ಮೇಲೆ ಮಾತು ಮುಗಿಯಿತು ಎಂಬ ನಂಬಿಕೆಯಲ್ಲಿ ಬದುಕಿದ ವಕೀಲನಿಗೆ ಇದು ದೊಡ್ಡ ಆಘಾತ.

ನಾನು ತೆಂಗಿನಕಾಯಿಯ ಐದು ಗೆರಟೆಗಳನ್ನು ಜೀಪಿನ ಅಡಿಯಲ್ಲಿ ಸಾಲಾಗಿ ಇಟ್ಟೆ, ಎಲ್ಲಿಂದ ಎಷ್ಟು ಎಂದು ತಿಳಿಯಲು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಗೆರಟೆದರ್ಶನ. ಒಂದು ದಿನ ಪಂಚೆ ಉಟ್ಟು ಜೀಪಿನ ಅಡಿಗೆ ಅಂಗಾತ ಬಿದ್ದಿದ್ದೆ. ಸವಣೂರಿನ ಒಬ್ಬ ಕಕ್ಷಿಗಾರ ಬಂದು ಎರಡು ಕಾಲುಗಳನ್ನು ಕಂಡು, ಇವು ವಕೀಲರದ್ದೇ ಎಂದು ಖಚಿತಪಡಿಸಿಕೊಂಡು, ದಾವೆಯ ಕಾಗದಗಳನ್ನು ನನ್ನ ಹೊಟ್ಟೆಯ ಮೇಲೆ ಇಟ್ಟು ಹೋದ. ಎದ್ದು ನೋಡಿದರೆ ವಾದಿಯ ಹೆಸರಿನ ಮೇಲೆಯೇ ಒಂದು ಕಪ್ಪು ಹನಿ. ಕೈ ಚಾಚಿ ಆ ಹನಿಯನ್ನು ಒರಸಲು ಹೋದೆ. ಪ್ರತಿವಾದಿಯೂ ಮಾಯವಾದ.

ನಗು ಬಂತೋ ಇಲ್ಲವೋ? ಇಲ್ಲಿಂದ ಕಾಣುವುದಿಲ್ಲ. ಮೊದಲಾದರೆ ಅಡುಗೆಮನೆಯಿಂದ ಕೇಳಿಸುತ್ತಿತ್ತು.

ನಾಲ್ಕನೆಯ ಸಲ ಮೂಸಕುಂಞಿ ಕೈಯೊರಸುವ ಬಟ್ಟೆಯನ್ನು ಹೆಗಲಿಗೆ ಹಾಕಿ ಜೀಪಿನ ಎದುರು ಕುಕ್ಕರುಗಾಲಲ್ಲಿ ಕುಳಿತ. ವೈದ್ಯರು ಮನೆಯವರನ್ನು ಒಳಗೆ ಕರೆಯುವ ಮೊದಲು ಹಾಗೆ ಕುಳಿತುಕೊಳ್ಳುತ್ತಾರೆ. "ವಕೀಲ್ರೆ, ಇದು ಸೋರುದಲ್ಲ, ಇದು ಕಾರುದು. ಇದರ ಹೊಟ್ಟೆಯೊಳಗೆ ಎಂತದೋ ಉಂಟು," ಎಂದ. ಎಂತ ಉಂಟು ಎಂದರೆ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲ ಎಂದಾಗ ನನಗೆ ಒಳಗೊಳಗೇ ಒಂದು ಸಮಾಧಾನವಾಯಿತು, ಊರ್ಮಿಳಾ. ಇದನ್ನು ಬರೆಯಲು ನಾಚಿಕೆ. ಸೋರುತ್ತಿರುವಷ್ಟು ದಿನ ಮೆಷಿನ್ ಕಿಟಕಿಯ ಹತ್ತಿರವೇ ಇರುತ್ತದಲ್ಲ ಎಂದು.

ಮೊನ್ನೆ ಗುರುವಾರ ಅದೂ ಮುಗಿಯಿತು. ಎಂಜಿನ್ ಓಡುತ್ತಿರುವಾಗಲೇ ಮೂಸಕುಂಞಿ ಎಣ್ಣೆ ಹೊಯ್ಯುವ ಮುಚ್ಚಳವನ್ನು ತಿರುಗಿಸಿದ. ಅದು ಭುಸ್ಸೆಂದು ಅವನ ಕೈಯಿಂದ ಹಾರಿತು. ಅವನು ಗಾಡಿ ಬಂದ್ ಮಾಡಿ ಎಂಜಿನ್ನಿನ ಪಕ್ಕವನ್ನು ಬೆರಳಿನಿಂದಲೇ ಸವರುತ್ತ ಹೋದ. ಕಿರುಬೆರಳು ದಪ್ಪದ ಒಂದು ಕೊಳವೆಯ ಬಾಯಿಗೆ ಬಂದು ನಿಂತ. ಉಗುರಿನಿಂದ ತಟ್ಟಿದ. ಇದು ಕಬ್ಬಿಣ ಅಲ್ಲ ಎಂದ. ಚೂರಿಯಲ್ಲಿ ಕೆರೆದು ಮೂಸಿದ. (ಆ ಹೆಸರಿನವನು ಮೂಸದೆ ಇನ್ನು ಯಾರು ಮೂಸಬೇಕು.) ಹಲಸಿನ ಮೇಣ!

ಬಿಂದಿಗೆ ಸೋರಿದರೆ, ಬಾಲ್ದಿ ಸೋರಿದರೆ ಹಲಸಿನ ಮೇಣ ಕಾಯಿಸಿ ಹಚ್ಚುವುದು ನಮ್ಮೂರಿನ ಯಾವ ಮನೆಯಲ್ಲಿಲ್ಲ? ಇಲ್ಲಿ ಯಾರೋ ಒಂದು ಮರದ ಬೆಣೆಗೆ ಬಟ್ಟೆ ಸುತ್ತಿ, ಕೊಳವೆಯ ಬಾಯಿಗೆ ಜಡಿದು, ಮೇಲಿಂದ ಮೇಣ ಮೆತ್ತಿದ್ದರು. ಎಣ್ಣೆ, ಧೂಳು, ಬಿಸಿ ಎಲ್ಲ ತಾಗಿ ಅದು ಎಂಜಿನ್ನಿನದೇ ಒಂದು ಮೊಳೆಯಂತೆ ಕಪ್ಪಾಗಿ ಕುಳಿತಿತ್ತು. ಇಕ್ಕಳ ಹಾಕಿ ಎಳೆದಾಗ ಒಳಗಿನಿಂದ ಒಂದು ನಿಟ್ಟುಸಿರು ಬಂತು. ಮನುಷ್ಯರದ್ದೇ ಹಾಗೆ.

ಆ ಕೊಳವೆ ಎಂಜಿನ್ ಉಸಿರಾಡುವ ಜಾಗವಂತೆ. ಅದರ ಬಾಯಲ್ಲಿ ಯಾವಾಗಲೂ ಸ್ವಲ್ಪ ಎಣ್ಣೆಯ ಪಸೆ ಇರುವುದು ಸಹಜವಂತೆ, ನಮಗೆ ಬೆವರು ಇದ್ದ ಹಾಗೆ. ಅದನ್ನು ಸೋರುವುದು ಎಂದು ತಿಳಿದು ಮುಚ್ಚಿದರೆ ಒಳಗಿನ ಹೊಗೆ ಹೊರಗೆ ಹೋಗಲಾರದೆ, ಎಲ್ಲೆಲ್ಲಿ ಸಡಿಲವೋ ಅಲ್ಲಲ್ಲಿಂದ ಎಣ್ಣೆಯನ್ನು ದೂಡುತ್ತದಂತೆ. ಇಷ್ಟು ದಿನ ನಾವು ಒಂದೊಂದೇ ಬಾಗಿಲಿಗೆ ಬೀಗ ಹಾಕುತ್ತಿದ್ದದ್ದು ಹಾಗೆ. ಯಾರು ಮಾಡಿದ್ದು ಈ ಕೆಲಸ ಎಂದು ಮೂಸಕುಂಞಿ ಕೇಳಿದ. ಮೊದಲಿನವರು ಯಾರೋ ಇರಬೇಕು ಎಂದೆ. ನಿಮ್ಮ ಆ ಡ್ರೈವರ್ ಜತ್ತಪ್ಪನೇ ಇರಬೇಕು ಎಂದು ಅವನು ಉಗುಳಿದ. ನನಗೆ ಆ ಹೊತ್ತಿಗೆ ಕೆಮ್ಮು ಬಂತು. ಇರಲಿ. ಯಾರದೋ ಅತಿಜಾಣತನ. ಈಗ ಅದನ್ನು ಕೆದಕಿ ಪ್ರಯೋಜನವಿಲ್ಲ.

ಮೂರು ದಿನದಿಂದ ಗೆರಟೆಗಳು ಒಣಗಿವೆ. ಐದೂ. ಇವತ್ತು ಬೆಳಿಗ್ಗೆ ಒಂದರಲ್ಲಿ ಏನೋ ಹೊಳೆಯಿತೆಂದು ಆಸೆಯಿಂದ ಬಗ್ಗಿದೆ. ಇಬ್ಬನಿ.

ನೆಪ ಮುಗಿದ ಮೇಲೆ ಉಳಿಯುವುದು ನಿಜ. ಅದರಲ್ಲಿ ಸ್ವಲ್ಪವನ್ನಾದರೂ ಬರೆಯುತ್ತೇನೆ.

ಏಪ್ರಿಲ್ ಹದಿನೆಂಟರ ಬೆಳಿಗ್ಗೆ ಈಶ್ವರಮಂಗಲದಿಂದ ಜನ ಬಂದಿತು. ಸಂಕಪ್ಪ ಮಾವನಿಗೆ ಜೋರಾಗಿದೆ, ಕೊನೆಗೆ ಬಾಯಿಗೆ ಬಿಡುವ ನೀರು ಊರ್ಮಿಳೆಯ ಕೈಯಿಂದಲೇ ಆಗಬೇಕು ಎನ್ನುತ್ತಿದ್ದಾರೆ ಎಂದು. ಅಪ್ಪನನ್ನು ಕಾಣದ ನಿನ್ನನ್ನು ಎತ್ತಿ ಆಡಿಸಿದ ಸೋದರಮಾವ. ಆ ಮನೆಯ ಯಜಮಾನ. ನಿನಗೆ ಅಕ್ಷರ ಕಲಿಸಿದವರು, ಆ ಹೊಲಿಗೆ ಮೆಷಿನ್ ತೆಗೆಸಿಕೊಟ್ಟವರು. ನೀನು ತಲೆಯನ್ನೂ ಬಾಚದೆ ಜೀಪು ಹತ್ತಿದೆ. ಕುಂಬ್ರ ದಾಟಿ, ಇನ್ನು ನಾಲ್ಕು ಮೈಲು ಇದೆ ಎನ್ನುವಾಗ ಎಣ್ಣೆ ತೋರಿಸುವ ಮೀಟರಿನ ಮುಳ್ಳು ಕೆಳಗೆ ಬಿತ್ತು. ಜತ್ತಪ್ಪ ಗಾಡಿ ನಿಲ್ಲಿಸಿದ. ಇನ್ನು ಓಡಿಸಿದರೆ ಎಂಜಿನ್ ಹಿಡಿಯುತ್ತದೆ ಎಂದ. ನೀನು ಇಳಿದು ರಸ್ತೆಯ ಬದಿಯಲ್ಲಿ ನಿಂತೆ. ಯಾವ ಗಾಡಿಯೂ ಬರಲಿಲ್ಲ. ಆಗ ನಾನು ಹೇಳಿದ್ದು:

"ಮಾವನಿಗಿಂತ ಮೊದಲು ಇದೇ ಹೋಯ್ತಲ್ಲ ಮಾರಾಯ್ತಿ. ಇನ್ನು ಇದರ ಬೊಜ್ಜವನ್ನೇ ಮೊದಲು ಮಾಡುದಾ?"

ನೀನು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಡೆಯಲು ತೊಡಗಿದೆ. ಜತ್ತಪ್ಪ ನಿನ್ನ ಚೀಲ ಹೊತ್ತು ಹಿಂದೆ ಓಡಿದ. ನಾನು ಜೀಪು ಕಾಯುತ್ತ ಉಳಿದೆ. ಓಡದ ಜೀಪನ್ನು ಯಾರು ಕದಿಯುತ್ತಾರೆಂದು ಕಾದೆನೋ. ನೀನು ಮನೆ ಮುಟ್ಟುವಾಗ ಅಡುಗೆಯ ಸುಂದರಿ ನೀರು ಬಿಟ್ಟು ಆಗಿತ್ತು.

ಆ ಮಾತು ನನ್ನ ನಾಲಿಗೆಯ ಚಾಳಿ. ನಗಿಸುವುದು ಬಿಟ್ಟು ಬೇರೆ ಕಸುಬು ಅದಕ್ಕೆ ಬರುವುದಿಲ್ಲ. ಕ್ಷಮಿಸು ಎಂದು ಬೊಜ್ಜದ ದಿನವೇ ಹೇಳಬೇಕೆಂದಿದ್ದೆ, ಬಾಯಿ ತೆರೆದಾಗ ಊಟದ ಬಗ್ಗೆ ಏನೋ ಚಟಾಕಿ ಹಾರಿತು, ನೀನು ಅಲ್ಲಿಯೇ ಉಳಿದೆ. ಹಾಗಾಗಿ ಈಗ ಬರೆಯುತ್ತಿದ್ದೇನೆ. ಕಾಗದದಲ್ಲಿ ನಾಲಿಗೆ ಇಲ್ಲ.

ನಾನೇ ಜೀಪು ಓಡಿಸಿಕೊಂಡು ಬರಬೇಕು ಎಂದಿದ್ದೆ. ನಿನ್ನೆ ಎರಡು ಸಲ ಕುಳಿತು ಇಳಿದೆ. ಕಾಲು ಪೆಡಲಿಗೆ ಮುಟ್ಟುತ್ತದೆ, ಮುಂದಕ್ಕೆ ಒತ್ತಲು ಆಗುವುದಿಲ್ಲ. ನಿಮ್ಮ ಅಂಗಳದಲ್ಲಿ ಇಳಿದ ಮೇಲೆ ನನ್ನ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗಲಿಲ್ಲ. ಆಮೇಲೆ ಬಸ್ಸು ಹಿಡಿದು ಸವಣೂರಿಗೆ ಹೋಗಿ ಜತ್ತಪ್ಪನನ್ನು ಹುಡುಕಿದೆ. ಬೊಜ್ಜದ ದಿನ ನಮ್ಮ ಕೆಲಸ ಬಿಟ್ಟವನಿಗೆ ಬೇರೆ ಯಾರೂ ಸ್ಟಿಯರಿಂಗು ಕೊಟ್ಟಿಲ್ಲ. ಅಲ್ಲಿ ಒಬ್ಬರ ಎತ್ತಿನ ಗಾಡಿ ಹೊಡೆಯುತ್ತಿದ್ದಾನೆ. ನಾಳೆ ಒಂದು ದಿನ ಜೀಪು ಓಡಿಸಿಕೊಡು ಎಂದೆ. ಎತ್ತಿನ ಕೊರಳು ತುರಿಸುತ್ತಲೇ ಆಗಲಿ ಎಂದ. ಈ ಪತ್ರ ತರುವವನು ಅವನೇ.

ನೀನು ಅವನ ಮೇಲಿನ ಕೋಪವನ್ನು ಇನ್ನು ಬಿಟ್ಟುಬಿಡು. ಬೊಜ್ಜದ ಪಂಕ್ತಿಯಲ್ಲಿ, ಎಲ್ಲರೂ ಉಣ್ಣುತ್ತಿರುವಾಗ, ಒಂದು ಕಡ್ಡಿ ಅದ್ದಿ ಎಣ್ಣೆ ನೋಡಲು ನಿನಗೆ ಪುರುಸೊತ್ತಾಗಲಿಲ್ಲವಾ ಎಂದು ನೀನು ಅವನನ್ನು ಕೇಳಿದ್ದು, ಅವನು ಎಲೆ ಬಿಟ್ಟು ಎದ್ದು ಹೋದದ್ದು, ಎಲ್ಲ ದುಃಖದ ಹೊತ್ತಿನಲ್ಲಿ ಆಗಿಹೋದ ಸಂಗತಿ. ಆದದ್ದನ್ನು ಮರೆತು ಅವನನ್ನು ಕ್ಷಮಿಸು. ಸೇವಕರು ಎಂದ ಮೇಲೆ ಒಂದು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಮೆಷಿನ್ ಜೀಪಿನಲ್ಲಿ ಉಂಟು. ಇಳಿಸಲು ಅವನಿಗೆ ಹೇಳಿಲ್ಲ, ಇಳಿಸಬೇಡ ಎಂದೂ ಹೇಳಿಲ್ಲ. ಅದು ನಿನ್ನ ಬಾಯಿಂದ ಬರಬೇಕಾದ ತೀರ್ಪು. ಹಿಂದಿನ ಸೀಟಿನಲ್ಲಿ ಮೆಷಿನಿನ ಪಕ್ಕ ಒಬ್ಬರು ಕುಳಿತುಕೊಳ್ಳುವಷ್ಟು ಜಾಗ ಬಿಡಿಸಿದ್ದೇನೆ. ಬಾಚಣಿಗೆಯನ್ನು ಕಳಿಸಿಲ್ಲ.

ಅಪೀಲಿಗೆ ಹೋಗಲು ಮೇಲಿನ ಕೋರ್ಟು ಇಲ್ಲದ,
ನಿನ್ನ
ಉದಯಶಂಕರ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಜತ್ತಪ್ಪ ಮೆಷಿನನ್ನು ಹುರಿಹಗ್ಗದಲ್ಲಿ ಬಿಗಿದು ಕಟ್ಟಿ, ಎಣ್ಣೆಯ ಕಡ್ಡಿ ಅದ್ದಿ ನೋಡಿ, ಒರಸಿ ಇನ್ನೊಮ್ಮೆ ನೋಡಿ, ಜಗಲಿಗೆ ಬಂದ. ಎಂತ ಬರೆದದ್ದು ಧಣಿ ಎಂದು ಕೇಳಿದ. ಅವನಿಗೆ ಓದಲು ಬರುವುದಿಲ್ಲ. ಲಕೋಟೆ ಬಿಡಿಸಿ ಮೊದಲಿನಿಂದ ಓದಿದೆ. ಕಕ್ಷಿಗಾರ ಹೊಟ್ಟೆಯ ಮೇಲೆ ಕಾಗದ ಇಟ್ಟಲ್ಲಿ ನಕ್ಕ. ಕೊನೆಯವರೆಗೂ ನಿಂತುಕೊಂಡೇ ಕೇಳಿದ. ಆಮೇಲೆ ಹೇಳಿದ:

"ಚೆಂದ ಉಂಟು ಧಣಿ. ನನ್ನನ್ನು ಕ್ಷಮಿಸ್ಲಿಕ್ಕೆ ಹೇಳಿದ್ರಿ. ನಾನು ಮಾಡಿದ್ದು ಎಂತ ಅಂತ ಬರೀಲಿಲ್ಲ."

ಅವನು ಹೋಗಿ ಜೀಪಿನಲ್ಲಿ ಕುಳಿತಿದ್ದಾನೆ. ಬರೆಯುತ್ತಿದ್ದೇನೆ.

ಅವನು ಏನೂ ಮಾಡಿಲ್ಲ. ಆ ಕೊಳವೆ ಮುಚ್ಚಿದ್ದು ನಾನು. ಏಪ್ರಿಲ್ ಹದಿನೇಳು, ಆದಿತ್ಯವಾರ. ಜತ್ತಪ್ಪ ಅವನ ಮನೆಗೆ ಹೋಗಿದ್ದ. ನೀನು ಅಂದು ಹಲಸಿನ ಗುಜ್ಜೆ ಕೊಯ್ದು ಮೇಣವನ್ನು ಕೋಲಿಗೆ ಸುತ್ತಿಟ್ಟಿದ್ದೆ. ಸಂಜೆ ಆ ಕೋಲು ಕಾಣುವುದಿಲ್ಲ ಎಂದು ಹುಡುಕಿದೆ. ನಾನು ಇಲಿ ಒಯ್ದಿರಬೇಕು ಎಂದೆ, ನೀನು ನಕ್ಕೆ. ಬೆಣೆಗೆ ಸುತ್ತಿದ ಬಟ್ಟೆ ನಿನ್ನ ಮೆಷಿನಿನ ಡ್ರಾಯರಿನದು. ಮೂಸಕುಂಞಿ ಬಿಸಾಡಿದ್ದನ್ನು ಹೆಕ್ಕಿ ತೊಳೆದು ಇದರ ಜೊತೆ ಇಟ್ಟಿದ್ದೇನೆ. ಒಂದು ಮೂಲೆಯಲ್ಲಿ ಇನ್ನೂ ನೀಲಿ ಗೆರೆ ಕಾಣುತ್ತದೆ. ನಿನಗೆ ಗುರುತು ಸಿಗುತ್ತದೆ.

ಮರುದಿನ ಬೆಳಿಗ್ಗೆ ಜತ್ತಪ್ಪ ದಿನದ ಹಾಗೆ ಕಡ್ಡಿ ತೆಗೆಯಲು ಬಾನೆಟಿಗೆ ಕೈ ಹಾಕಿದ್ದ. ದಿನವೂ ನೋಡಿ ಕಡಿಮೆಯಾದಷ್ಟು ಹೊಯ್ಯುತ್ತಿದ್ದ. ಅದನ್ನು ನಾನು ನಿನ್ನೆಯೇ ಸರಿ ಮಾಡಿದ್ದೇನೆ, ನೋಡುವುದು ಬೇಡ, ಹತ್ತು ಎಂದವನು ನಾನು. ನೀನು ಆಗ ಒಳಗೆ ಚೀಲ ತುಂಬಿಸುತ್ತಿದ್ದೆ. ಮುಳ್ಳು ಬಿದ್ದಾಗ ಅವನು ನನ್ನ ಮುಖ ನೋಡಿದ. ನೀನು ತಿರುಗಿ ಏನಾಯಿತೆಂದು ಕೇಳುವ ಮೊದಲೇ ನಿನ್ನನ್ನು ನಗಿಸಿಬಿಡಬೇಕು ಎಂದು ನನಗೆ ಅನಿಸಿತು. ಆ ಮಾತು ಬಂದದ್ದು ಅದಕ್ಕೆ. ನಾಲಿಗೆಯ ಚಾಳಿ ಎಂದು ಮೇಲೆ ಬರೆದದ್ದು ಸುಳ್ಳು.

ನಾಲ್ಕು ಮೈಲು ನಿನ್ನ ಹಿಂದೆ ನಡೆದವನು ಹೇಳಲಿಲ್ಲ. ಬೊಜ್ಜದ ಪಂಕ್ತಿಯಲ್ಲಿ ನೀನು ಕೇಳಿದಾಗ ನನ್ನನ್ನು ಒಮ್ಮೆ ನೋಡಿ ಎದ್ದು ಹೋದ. ನಾನು ಪಾಯಸ ಉಣ್ಣುತ್ತಿದ್ದೆ. ಗುರುವಾರ ಮೂಸಕುಂಞಿ ಅವನ ಹೆಸರು ಹೇಳಿದಾಗಲೂ ಸುಮ್ಮನಿದ್ದೆ.

ಅವನಿಗೆ ಎಲೆ ಹಾಕಿಸು. ಚಾವಡಿಯಲ್ಲಿ, ಅಂದು ಕುಳಿತಿದ್ದ ಜಾಗದಲ್ಲೇ. ನೀನೇ ಬಡಿಸಿದರೆ ಒಳ್ಳೆಯದು. ಅವನು ಉಂಡು ಕೈ ತೊಳೆದ ಮೇಲೆ ಜೀಪಿನ ಅಡಿ ನೋಡು. ಹನಿ ಬಿದ್ದಿದ್ದರೆ ಅದು ನನ್ನದು, ಅವನದಲ್ಲ.

ಉ.